ಮುಳ್ಳು ಮೇಲೇರದ ವ್ಯಾನಿನಲ್ಲಿ ಮಧುಗಿರಿಗೆ

ಚಳಿಯನ್ನು ಅನುಭವಿಸಿದವರು ನಾಲ್ವರು ಡಯಾಲಿಸಿಸ್ ರೋಗಿಗಳು, ವಾಹನದ ಗುತ್ತಿಗೆದಾರರಲ್ಲ. ಪಾವಗಡದಿಂದ ಮಧುಗಿರಿಯ ಆಸ್ಪತ್ರೆಗೆ ವಾರಕ್ಕೆರಡು ಬಾರಿ ಹೋಗಿಬರುವ ಉಚಿತ ವ್ಯಾನಿನ ಹೀಟರಿನಿಂದ ತಣ್ಣನೆಯ ಗಾಳಿ ಬರುತ್ತಿದೆಯೆಂದು ಅವರು ತಿಂಗಳಿಂದ ಹೇಳುತ್ತಿದ್ದರು. ‘ಈ ಕಾಯಿಲೆಯವರಿಗೆ ಹಾಗನ್ನಿಸುವುದು ಸಹಜ’ ಎಂಬ ಉತ್ತರ ಗುತ್ತಿಗೆದಾರರಿಂದ ಬಂದಿತ್ತು. ಉಚಿತವಾಗಿ ಪಡೆದವರಿಗೆ ದೂರುವ ಹಕ್ಕಿಲ್ಲವೆಂಬ ಈ ಭಾವನೆಯೇ ಮೊದಲ ತಪ್ಪು. ರೋಗಿಗಳ ಪಾಡನ್ನು ಕಣ್ಣಾರೆ ಕಾಣಲು ಡಿಸೆಂಬರಿನ ಒಂದು ಸೋಮವಾರ ನಾನೂ ಅವರೊಡನೆ ಹೊರಟೆ.

ಪಾವಗಡ ಬಿಟ್ಟಾಗ ಬೆಳಗಿನ ಆರೂವರೆ. ಚಂಡಮಾರುತದ ಮೋಡ ಕವಿದು ಮೂರು ದಿನಗಳಿಂದ ಬಿಸಿಲೇ ಬಿದ್ದಿರಲಿಲ್ಲ. ಚಾಲಕ ರಂಗಪ್ಪನ ಪಕ್ಕದಲ್ಲಿ ಕುರಿ ಸಾಕುವ ಮನೆತನದ ಗಂಗಮ್ಮ ಕಂಬಳಿ ಹೊದ್ದು ಕುಳಿತಿದ್ದರು. ಅವರ ಹಲ್ಲು ಕಟಕಟಿಸುವುದು ಹಿಂದಿನ ಸೀಟಿನಲ್ಲಿದ್ದ ನನಗೂ ಕೇಳುತ್ತಿತ್ತು.

ಮಿಡಿಗೇಶಿಯಲ್ಲಿ ರಂಗಪ್ಪ ಚಹಾಕ್ಕೆ ನಿಲ್ಲಿಸಿದ. ಇಂಜಿನ್ ಓಡುತ್ತಲೇ ಇತ್ತು. ಗಂಗಮ್ಮನಿಗೊಂದು ಲೋಟ ಕೊಟ್ಟೆ. ಅವರು ಅದನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಕೆನ್ನೆಗೆ ಒತ್ತಿಕೊಂಡು, ತುಂಬಿದ್ದಂತೆಯೇ ನನಗೆ ಮರಳಿಸಿದರು.

“ನೀನು ಕುಡಿ ಕಣಮ್ಮ. ಡಾಕ್ಟ್ರು ಹೇಳಿರೋದು ದಿನಕ್ಕೆ ಇಷ್ಟೇ ನೀರು ಅಂತ. ಇವತ್ತಿಂದು ಸಂಜೀಕೆ ಇಕ್ಕೊಂಡಿವ್ನಿ.”

ಚಳಿಯಾದರೆ ಬಿಸಿಯಾಗಿ ಏನಾದರೂ ಕುಡಿಯುವ ಸೌಕರ್ಯ ನಮ್ಮೆಲ್ಲರಿಗೂ ಇದೆ, ಅವರಿಗಿಲ್ಲ. ಅವರಿಗಿದ್ದ ಬೆಚ್ಚಗಿನ ಆಸರೆ ಆ ಹೀಟರ್ ಒಂದೇ.

“ಗುರುವಾರದಿಂದ ನಾನು ಬರಾಕಿಲ್ಲ” ಎಂದರು ಗಂಗಮ್ಮ. “ಸೂಜಿ ತಡ್ಕೋತೀನಿ. ಈ ನಡುಕ ಆಗಾಕಿಲ್ಲ.”

ಬರದಿದ್ದರೆ ಏನಾಗುತ್ತದೆಂಬುದು ವ್ಯಾನಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೊಸ ಕಂಬಳಿಗಳನ್ನು ಒದಗಿಸಬೇಕೆಂಬ ಮನವಿ ಬರೆದು ತಂದಿರುವುದಾಗಿ ನಾನು ತಿಳಿಸಿದೆ. ಅವರು ನಕ್ಕರು.

“ಕುರಿ ಕಾಯೋಳಿಗೇ ಕಂಬ್ಳಿ ಕೊಡುಸ್ತೀಯಾ? ಈ ಗಾಡಿ ನಿಂತಾಗ ಬೆಚ್ಚಗೆ ಊದ್ತೈತೆ, ಓಡುವಾಗ ತಣ್ಣಗೆ ಊದ್ತೈತೆ. ಅದ್ಯಾಕೆ ಅಂತ ಕೇಳು ಮೊದ್ಲು.”

ಆಗಷ್ಟೇ ನಾನು ಇಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನು ಗಮನಿಸಿದೆ. ನಿಂತಿದ್ದಷ್ಟು ಹೊತ್ತು ತುಸು ಮೇಲೇರಿದ್ದ ಅದು, ವ್ಯಾನು ಓಡತೊಡಗಿದೊಡನೆ ತಳಕ್ಕಿಳಿಯಿತು.

“ಇಂಜಿನ್ ತಂಪಾಗಿದ್ರೆ ಒಳ್ಳೇದೇ ಅಲ್ವಾ ಮೇಡಂ” ಎಂದ ರಂಗಪ್ಪ.

ನಾಲ್ವರನ್ನೂ ಮಧುಗಿರಿಯ ಆಸ್ಪತ್ರೆಯಲ್ಲಿ ಇಳಿಸಿದೆವು. ರಕ್ತ ಶುದ್ಧವಾಗಲು ನಾಲ್ಕು ಗಂಟೆ ಬೇಕು. ಅಷ್ಟರಲ್ಲಿ ನಲವತ್ತು ಕಿಲೋಮೀಟರಿನಷ್ಟು ದೂರದ ಶಿರಾಕ್ಕೆ ಹೋಗಿ, ರಂಗಪ್ಪನಿಗೆ ಪರಿಚಯವಿದ್ದ ಹಿರಿಯ ಮೆಕ್ಯಾನಿಕ್ ಬಾಷಾ ಅವರಿಗೆ ವ್ಯಾನು ತೋರಿಸಿದೆವು. ಗಂಗಮ್ಮನ ಮಾತನ್ನು ನಾನು ಹಾಗೆಯೇ ಒಪ್ಪಿಸಿದೆ.

“ಅರ್ಧ ಕೆಲ್ಸ ಆ ಅಮ್ಮನೇ ಮಾಡವ್ರೆ” ಎಂದ ಬಾಷಾ, ಇಂಜಿನ್ ಪೂರ್ತಿ ತಣಿಯುವವರೆಗೆ ನಮ್ಮನ್ನು ಬನ್ನು ತಿನ್ನಲು ಕಳುಹಿಸಿದರು. ಅನಂತರ ಚಾಲೂ ಮಾಡಿ, ಇಂಜಿನ್ನಿನಿಂದ ರೇಡಿಯೇಟರಿನ ಮೇಲ್ಭಾಗಕ್ಕೆ ಹೋಗುವ ದಪ್ಪ ಪೈಪಿನ ಮೇಲೆ, ಜ್ವರ ನೋಡುವವರಂತೆ, ಅಂಗೈಯಿಟ್ಟರು.

“ಇಂಜಿನ್ ಕಾಯೋ ತನಕ ಈ ಪೈಪು ತಣ್ಣಗಿರ್ಬೇಕು. ಇದು ಶುರುವಿಂದ್ಲೇ ಬೆಚ್ಚಗಾಗ್ತಾ ಐತೆ. ಒಳಗೆ ನೀರು ತಡೆಯೋ ಬಾಗ್ಲೇ ಇಲ್ಲ. ಓಡುವಾಗ ಗಾಳಿಗೆ ನೀರೆಲ್ಲ ತಣ್ಣಗಾದ್ರೆ ಹೀಟರಿಗೆ ಬಿಸಿ ಎಲ್ಲಿಂದ ಬರ್ತೈತೆ?”

ಬಿಚ್ಚಿ ನೋಡಿದರು. ಥರ್ಮೋಸ್ಟಾಟ್ ಎಂಬ ಕವಾಟ ಕೂರಬೇಕಾದ ಜಾಗ ಖಾಲಿಯಿತ್ತು. ರಂಗಪ್ಪ ತಲೆ ತಗ್ಗಿಸಿದ.

“ಬ್ಯಾಸ್ಗೇಲಿ ತೆಗುಸುದ್ರು ಸಾಬ್. ನಮ್ ಕಡೆ ಎಲ್ಲಾ ಗಾಡೀಗೂ ತೆಗೀತಾರೆ. ಪಾವಗಡದ ಬಿಸ್ಲಲ್ಲಿ ನೀರು ಕುದೀಬಾರ್ದು ಅಂತ.”

“ಅರೇ ಭಾಯ್, ಬಿಸ್ಲು ಜಾಸ್ತಿ ಅಂತ ಮನೆ ಬಾಗ್ಲು ಕಿತ್ತಾಕ್ತಾರಾ? ತೆಗ್ದಿದ್ದು ಎಲ್ಲೈತೆ?”

ರಂಗಪ್ಪ ವ್ಯಾನಿನ ಮುಂದಿನ ಖಾನೆಯಿಂದ ಬಟ್ಟೆಯ ಸಣ್ಣ ಗಂಟೊಂದನ್ನು ತಂದ. ಬಾಷಾ ಅದರಲ್ಲಿದ್ದ ಕವಾಟವನ್ನು ಪಾತ್ರೆಯ ನೀರಿಗೆ ಹಾಕಿ ಒಲೆಯ ಮೇಲಿಟ್ಟರು. ನೀರು ಕಾದಂತೆ ಅದು ಮೆಲ್ಲಗೆ ಬಾಯಿ ತೆರೆಯಿತು, ತಣಿದಾಗ ಮುಚ್ಚಿಕೊಂಡಿತು. ಅದಕ್ಕೇನೂ ಆಗಿರಲಿಲ್ಲ. ನಡುಗುವ ಗಂಗಮ್ಮನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಅದು ಬೇಸಿಗೆಯಿಂದ ಸುಮ್ಮನೆ ಬಿದ್ದುಕೊಂಡಿತ್ತು.

“ನಂದೇ ತಪ್ಪು” ಎಂದ ರಂಗಪ್ಪ.

ಅವನೊಬ್ಬನದಲ್ಲ. ತೆಗೆಸಿದ ಗುತ್ತಿಗೆದಾರರು, ಅದು ಏತಕ್ಕೆ ಇದೆಯೆಂದು ಅವನಿಗೆ ತಿಳಿಸಲಿಲ್ಲ. ಮತ್ತೆ ಹಾಕೆಂದೂ ಹೇಳಲಿಲ್ಲ. ಕೂತವರನ್ನು ಕೇಳದೆ ಮನವಿ ಬರೆದ ನಾನೂ ತಪ್ಪಿತಸ್ಥಳೇ. ಬಾಷಾ ಕವಾಟವನ್ನು ಅದರ ಜಾಗದಲ್ಲಿ ಮರಳಿ ಕೂರಿಸುತ್ತಿದ್ದಾಗ ಆ ಕಾಗದವನ್ನು ಮಡಚಿ ಚೀಲದ ತಳಕ್ಕಿಟ್ಟೆ.

ಮಧ್ಯಾಹ್ನ ಮಧುಗಿರಿಯಿಂದ ಹೊರಟಾಗಲೂ ಮೋಡ ಸರಿದಿರಲಿಲ್ಲ. ಮುಳ್ಳು ನಿಧಾನವಾಗಿ ನಡುಮಟ್ಟಕ್ಕೇರಿ ಅಲ್ಲೇ ನಿಂತಿತು, ಓಡುವಾಗಲೂ ಇಳಿಯಲಿಲ್ಲ. ಗಂಗಮ್ಮ ಪಟ್ಟಿ ಕಟ್ಟಿದ ಕೈಯನ್ನು ಬೆಚ್ಚನೆಯ ಗಾಳಿಗೆ ಒಡ್ಡಿದರು. ಮಿಡಿಗೇಶಿ ದಾಟಿದ ಮೇಲೆ ಕಂಬಳಿ ತೆಗೆದು, ನಿದ್ದೆ ಹೋಗಿದ್ದ ಹಿಂದಿನ ಸೀಟಿನ ರೋಗಿಗೆ ಹೊದಿಸಲು ನನ್ನ ಕೈಗೆ ಕೊಟ್ಟರು.

ಪಾವಗಡದಲ್ಲಿ ಇಳಿಯುವಾಗ ರಂಗಪ್ಪ ಗುರುವಾರದ ಮಾತೆತ್ತಲು ಹೆದರಿ ನಿಂತಿದ್ದ. ಗಂಗಮ್ಮನೇ ಎತ್ತಿದರು.

“ಆರೂವರೆ ಅಂದ್ರೆ ಆರೂವರೆಗೆ ಬರ್ಬೇಕು ಕಣ್ಲಾ. ತಡ ಮಾಡುದ್ರೆ ಆ ಬಾಗ್ಲು ಕಿತ್ತು ನಮ್ಮನೇಲಿ ಇಕ್ಕೊತೀನಿ.”

ವಾಹನದ ಗುತ್ತಿಗೆದಾರರೇ, ಕೊರಟಗೆರೆ, ಶಿರಾ ಕಡೆಗೂ ನಿಮ್ಮ ವ್ಯಾನುಗಳು ರೋಗಿಗಳನ್ನು ಒಯ್ಯುತ್ತಿವೆ. ಬೇಸಿಗೆಯಲ್ಲಿ ತೆಗೆಸಿದ ಪ್ರತಿಯೊಂದು ಕವಾಟವನ್ನೂ ಬರುವ ಗುರುವಾರದ ಆರೂವರೆಯೊಳಗೆ ಮರಳಿ ಹಾಕಿಸಿ. ರಂಗಪ್ಪನನ್ನು ಶಿಕ್ಷಿಸಬೇಡಿ. ಇನ್ನು ಮುಂದೆ ರೋಗಿಯೊಬ್ಬರು ಚಳಿಯೆಂದರೆ, ಅವರ ಕಾಯಿಲೆಯನ್ನು ದೂಷಿಸುವ ಮೊದಲು ಆ ಪೈಪನ್ನು ನೀವೇ ಮುಟ್ಟಿ ನೋಡಿ.