ಹಾಲಿನ ಕಡೆಯ ಸೌಟು

ಆ ವರ್ಷ ನನಗೆ ಕೆಲಸವಿರಲಿಲ್ಲ. ಬೆಳಿಗ್ಗೆ ಎದ್ದು ಅಮೆರಿಕದ ಸಿಯಾಟಲ್ ಪಕ್ಕದ ಬಾಥೆಲ್‌ನ ನಮ್ಮ ಮನೆಯ ಕಿಟಕಿಯ ಬಳಿ ಕಾಫಿ ಹಿಡಿದು ನಿಂತರೆ ಅದು ಆರಿದ್ದೂ ಗೊತ್ತಾಗುತ್ತಿರಲಿಲ್ಲ. ದುಃಖ ಅನ್ನುವ ಹಾಗೂ ಇರಲಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಮುಟ್ಟಿಕೊಂಡರೆ ಬೇರೆ ಯಾರದೋ ತುಟಿ ಮುಟ್ಟಿದ ಹಾಗಿರುತ್ತದಲ್ಲ, ಎಲ್ಲವೂ ಹಾಗಿತ್ತು. ಆದರೂ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಮಹಡಿ ಹತ್ತುತ್ತಿದ್ದೆ, ಇಳಿಯುತ್ತಿದ್ದೆ. ಮನೆಯಿಂದಲೇ ಆಫೀಸು ಮಾಡುತ್ತಿದ್ದ ಹೆಂಡತಿ ನೋಡಿ ನೋಡಿ ಒಂದು ದಿನ ಹೇಳಿದಳು: "ನೀನು ಹಿಂಗೆ ಓಡಾಡ್ತಾ ಇದ್ರೆ ನಂಗೆ ಕಾಲ್ ಅಟೆಂಡ್ ಮಾಡಕ್ಕಾಗಲ್ಲ ಕಣೋ. ಎಲ್ಲಾದ್ರೂ ಹೋಗು, ಯಾರಿಗಾದ್ರೂ ಉಪಯೋಗಕ್ಕೆ ಬಾ."

ಯಹೂದಿ ಸಮುದಾಯದವರು ನಡೆಸುವ ಒಂದು ಸೇವಾಸಂಸ್ಥೆಯ ವಿಷಯ ಅವಳ ಆಫೀಸಿನ ಒಬ್ಬಾಕೆಯಿಂದ ಗೊತ್ತಾಯಿತು. ಒಂಟಿಯಾಗಿರುವ ವಯಸ್ಸಾದವರ ಮನೆಗೆ ವಾರಕ್ಕೊಮ್ಮೆ ಹೋಗಿ ಸ್ವಲ್ಪ ಹೊತ್ತು ಜೊತೆಗಿದ್ದು ಬರುವ ಸ್ವಯಂಸೇವಕರು ಅವರಿಗೆ ಬೇಕಾಗಿದ್ದರು. ಯಹೂದಿಯೇ ಆಗಿರಬೇಕೆಂದಿರಲಿಲ್ಲ. ದೇವರನ್ನು ನಂಬುತ್ತೀರಾ ಎಂದೂ ಕೇಳಲಿಲ್ಲ. ಕೇಳಿದ್ದರೆ, ಎಂ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ ಜಂಬದಲ್ಲಿ ಏನಾದರೂ ಉತ್ತರ ಕೊಡುತ್ತಿದ್ದೆ. ತರಬೇತಿ ಕೊಟ್ಟ ಸಮಾಜಸೇವಕಿ ಹೇಳಿದ್ದರಲ್ಲಿ ಒಂದು ಮಾತು ಮಾತ್ರ ಉಳಿದಿದೆ: ಅವರಲ್ಲಿ ಏನಾದರೂ ಬದಲಾವಣೆ ಕಂಡರೆ ತಿಳಿಸಿ, ಕಂಡದ್ದನ್ನು ಹೇಳಿ, ಊಹಿಸಿದ್ದು ಬೇಡ.

ನನ್ನ ಪಾಲಿಗೆ ಬಂದವರು ಮರ್ಸರ್ ಐಲ್ಯಾಂಡ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದ ಹೆಂಗಸು. ಗಂಡ ತೀರಿಕೊಂಡಿದ್ದರು. ಒಬ್ಬನೇ ಮಗ ಹತ್ತಿರದ ಊರು ಇಸ್ಸಾಕ್ವಾದಲ್ಲಿದ್ದ. ಆಕೆಯದು ಸಣ್ಣ ಮೈಕಟ್ಟು, ದಪ್ಪ ಕನ್ನಡಕ, ಪಕ್ಕದ ಮನೆಗೂ ಕೇಳುವ ಗಂಟಲು. ಮನಸ್ಸಿನಲ್ಲಿ ನಾನು ಅವರನ್ನು ಅಜ್ಜಿ ಅನ್ನುತ್ತಿದ್ದೆ. ಅವರು ನನ್ನನ್ನು ಪ್ರೊಫೆಸರ್ ಎಂದು ಕರೆಯುತ್ತಿದ್ದರು. ನಾನು ಎಲ್ಲೂ ಪಾಠ ಮಾಡಿದವನಲ್ಲ. ಏನು ಕೇಳಿದರೂ 'ಇರಬಹುದು' ಎನ್ನುತ್ತೇನೆಂದು ಆ ಬಿರುದು. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಈಗ ನೆನೆಸಿಕೊಂಡರೆ ಅವರು ಕನ್ನಡದಲ್ಲೇ ಮಾತಾಡುತ್ತಾರೆ. ನನ್ನ ನೆನಪನ್ನು ಎಷ್ಟು ನಂಬಬಹುದು ಎಂಬುದಕ್ಕೆ ಇದೊಂದೇ ಸಾಕು.

ಹೋಗುತ್ತಿದ್ದದ್ದು ಶುಕ್ರವಾರ ಮಧ್ಯಾಹ್ನ. ಸೂರ್ಯ ಮುಳುಗಿದರೆ ಅವರ ವಾರದ ವಿಶ್ರಾಂತಿಯ ದಿನ, ಸಬ್ಬತ್, ಶುರು, ಆಮೇಲೆ ಒಲೆ ಹೊತ್ತಿಸುವ ಹಾಗಿಲ್ಲ. ಅಷ್ಟರೊಳಗೆ ಕೋಳಿ ಸೂಪು ಆಗಿರಬೇಕು. ನಾನು ಕೋಳಿ ತಿನ್ನುವವನಲ್ಲ; ಕೋಳಿ ಅವರದು, ಕ್ಯಾರೆಟ್ಟು ಈರುಳ್ಳಿ ನನ್ನದು, ಕೊನೆಗೆ ಪಾತ್ರೆ ತೊಳೆಯುವುದೂ ನನ್ನದು. ಅಡುಗೆಮನೆಯಲ್ಲಿ ಎಲ್ಲವೂ ಎರಡೆರಡು. ಎಡಗಡೆ ಹಾಲು ಬೆಣ್ಣೆ ಚೀಸಿನ ಪಾತ್ರೆಗಳು, ಹಿಡಿಗೆ ನೀಲಿ ಟೇಪು. ಬಲಗಡೆ ಮಾಂಸದ್ದು, ಕೆಂಪು ಟೇಪು. ಒಂದಕ್ಕೊಂದು ಸೋಕಬಾರದು.

ಮೊದಲ ದಿನ ಅವರು ಇದನ್ನು ವಿವರಿಸಲು ಶುರು ಮಾಡಿದಾಗಲೇ ನಾನು ತಡೆದು, ಇದು ನಮ್ಮ ಮನೆಯಲ್ಲೂ ಇತ್ತು ಎಂದೆ. ಅಮ್ಮ ಅನ್ನ ಮುಟ್ಟಿದ ಕೈಯಲ್ಲಿ ಮೊಸರಿನ ಪಾತ್ರೆ ಮುಟ್ಟುತ್ತಿರಲಿಲ್ಲ, ಅದಕ್ಕೆ ಮುಸುರೆ ಅನ್ನುತ್ತೇವೆ, ಕಾಲೇಜಿಗೆ ಹೋಗುವಾಗ ನಾನು ಅದನ್ನು ಆಡಿಕೊಂಡು ನಗುತ್ತಿದ್ದೆ ಎಂದೆಲ್ಲ ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು. ಮಗನಿಗೆ ಫೋನ್ ಮಾಡಿ, ಇವನಿಗೆ ಏನೂ ಹೇಳಿಕೊಡಬೇಕಾಗಿಲ್ಲ, ತಾಯಿಯೇ ಕಲಿಸಿ ಕಳಿಸಿದ್ದಾಳೆ ಎಂದರು. ನನಗಿಂತ ಮುಂಚೆ ಬರುತ್ತಿದ್ದ ಹುಡುಗಿ ಒಂದೊಂದು ಚಮಚ ಎತ್ತಿ 'ಇದೆಲ್ಲಿಗೆ' ಎಂದು ಕೇಳುತ್ತಿದ್ದಳಂತೆ. ನನ್ನನ್ನು ಸಿಂಕಿನ ಹತ್ತಿರ ಬಿಟ್ಟು ಅವರು ಹೋಗಿ ಕಾಲು ಚಾಚಿ ಕೂರುತ್ತಿದ್ದರು.

ಮಗನಿಗೆ ತಾಯಿಯನ್ನು ಹಿರಿಯರ ನಿವಾಸಕ್ಕೆ ಸೇರಿಸುವ ಮನಸ್ಸಿತ್ತು. ಡಾಕ್ಟರ ಹತ್ತಿರ ಹೋಗುವ ದಿನ ಮರೆತಿದ್ದರು, ಬಾಗಿಲು ಹಾಕದೆ ಮಲಗಿದ್ದರು. ಅವನು ಕೆಟ್ಟವನಲ್ಲ, ಹೆದರಿದ್ದ. ಒಮ್ಮೆ ನಾನಿದ್ದಾಗಲೇ ಆ ಮಾತು ಬಂತು. ಅಜ್ಜಿ ಸೌಟು ಕೆಳಗಿಟ್ಟು ಅವನ ಕಡೆ ತಿರುಗಿದರು.

"ಡಾಕ್ಟರ್ ಹೆಸರು ಮರೀತೀನಿ, ನಿನ್ನ ಹೆಂಡ್ತಿ ಹೆಸರೂ ಮರೀಬಹುದು, ಅದ್ರಲ್ಲೇನೂ ನಷ್ಟ ಇಲ್ಲ. ನನ್ನ ಅಡುಗೆಮನೆ ಮರೆಯಲ್ಲ. ಹಾಲಿಂದು ಮಾಂಸದ್ದು ಬೆರೆಸಿದ ದಿನ ಬಂದು ಕರ್ಕೊಂಡು ಹೋಗು. ಒಂದು ಮಾತೂ ಆಡಲ್ಲ."

ಮಗ ನಕ್ಕು ಒಪ್ಪಿಕೊಂಡ. ಅಂದಿನಿಂದ ಆ ಮನೆಯಲ್ಲಿ ಅವರು ಇರುವುದು ಬಿಡುವುದು ಆ ಅಡುಗೆಮನೆಯ ಮೇಲೆ ನಿಂತಿತು.

ಅದು ನಡೆದದ್ದು ಚಳಿಗಾಲದಲ್ಲಿ, ಬೇಗ ಕತ್ತಲಾಗುವ ದಿನಗಳಲ್ಲಿ. ಮಗ ಸಬ್ಬತ್ತಿನ ಬ್ರೆಡ್ಡು ತಂದಿದ್ದ. ಸೂಪು ಕುದಿಯುತ್ತಿತ್ತು, ಅಜ್ಜಿ ತಿರುಗಿಸುತ್ತ ಯಾರನ್ನೋ ಬೈಯುತ್ತಿದ್ದರು. ಮಗ ಒಲೆಯ ಹತ್ತಿರ ಬಂದವನು "ಅಮ್ಮಾ" ಎಂದು ಅವರ ಕೈಯ ಕಡೆ ನೋಡಿದ. ನಾನೂ ನೋಡಿದೆ. ಅವರ ಕೈಯಲ್ಲಿದ್ದ ಸೌಟಿಗೆ ನೀಲಿ ಟೇಪಿತ್ತು. ಅವರು ಇನ್ನೂ ಎರಡು ಸಲ ತಿರುಗಿಸಿದ ಮೇಲೆ ನಮ್ಮ ಮುಖ ನೋಡಿ, ಆಮೇಲೆ ಕೈ ನೋಡಿಕೊಂಡರು. ಒಲೆ ಆರಿಸಿ ಕುರ್ಚಿಯಲ್ಲಿ ಕೂತರು.

ತೊಳೆದ ಸ್ಟೀಲಿಗೆ ಯಾವ ನೆನಪೂ ಇರುವುದಿಲ್ಲ ಎಂದು ನನಗೆ ಮೊದಲು ಹೊಳೆದದ್ದು. ಅದರ ಹಿಂದೆಯೇ, ಹಿಂದಿನ ವಾರ ತೊಳೆದವನು ನಾನು ಎಂಬುದು. ಯಾವ ಡ್ರಾಯರಿನಲ್ಲಿತ್ತು ಎಂದು ಕೇಳಿದೆ. ಅವರು ಬಲಗಡೆ ತೋರಿಸಿದರು, ಮಾಂಸದ ಕಡೆ.

ತೊಳೆದ ಮೇಲೆ ಎಲ್ಲಿಟ್ಟರೂ ಆಗುತ್ತದಲ್ಲ ಎಂದು ಕೇಳಿದೆ. ನಮ್ಮಲ್ಲಿ ಹಾಗೆಯೇ. ಮುಸುರೆ ಇರುವುದು ಅನ್ನದಲ್ಲಿ, ಕೈಯಲ್ಲಿ. ನೀರು ಹಾಕಿ ತೊಳೆದರೆ ಹೋಯಿತು, ಅದೇ ಪಾತ್ರೆಗೆ ಮೊಸರು ಹಾಕಬಹುದು.

"ತೊಳೆದ್ರೆ ಹೋಗೋದಾಗಿದ್ರೆ ನಾನ್ಯಾಕೆ ಎರಡೆರಡು ಇಟ್ಕೊಂಡು ಸಾಯ್ತಿದ್ದೆ?" ಎಂದರು ಅಜ್ಜಿ, ಬಹಳ ಮೆಲ್ಲಗೆ.

ಇಷ್ಟು ತಿಂಗಳು ಟೇಪಿನ ಬಣ್ಣ ನೋಡಿಯೇ ಇಡುತ್ತಿದ್ದೆ ಎಂದು ನಾನು ಅಂದುಕೊಂಡಿದ್ದೆ. ನೋಡುತ್ತಿದ್ದೆನೇ? ಬಣ್ಣ ಬರೀ ಅನುಕೂಲಕ್ಕೆ ಎಂದು ತಿಳಿದವನು ಪ್ರತಿ ಸಲವೂ ನೋಡಿರುತ್ತಾನೆಯೇ? ಏನೂ ಗೊತ್ತಿಲ್ಲದ ಹೊರಗಿನವನಾಗಿದ್ದರೆ ಕೇಳುತ್ತಿದ್ದೆ. ನನಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಅದನ್ನು ಅಲ್ಲಿಟ್ಟವನು ನಾನೇ ಇರಬಹುದು ಎಂದೆ.

ಮಗ ತಟ್ಟನೆ ನನ್ನ ಕಡೆ ತಿರುಗಿದ. ಹಾಗಾದರೆ ಇದು ಲೆಕ್ಕಕ್ಕಿಲ್ಲ ಎಂದ. ಅವನಿಗೂ ಈ ರೀತಿ ಗೆಲ್ಲುವುದು ಬೇಕಾಗಿರಲಿಲ್ಲ ಎಂದು ಕಾಣುತ್ತದೆ.

ಅಜ್ಜಿ ನನ್ನನ್ನೇ ನೋಡುತ್ತಿದ್ದರು. "ಇಟ್ಟಿದ್ದು ನೆನಪಿದೆಯಾ?"

ನೆನಪು ಮಾಡಿಕೊಂಡೆ. ಸೌಟು ಒರೆಸಿದ ನನ್ನ ಕೈ, ತೆರೆದ ಬಲಗಡೆಯ ಡ್ರಾಯರು, ಅದರ ಮೇಲೆ ಬಿದ್ದ ಬಿಸಿಲು, ಎಲ್ಲ ಕಂಡಿತು. ಆದರೆ ಹಿಂದಿನ ಶುಕ್ರವಾರ ಬಿಸಿಲೇ ಇರಲಿಲ್ಲ. ಮಳೆಯಲ್ಲಿ ಕಾರಿನ ವೈಪರು ಹಾಕಿಕೊಂಡೇ ದ್ವೀಪದ ಸೇತುವೆ ದಾಟಿ ಬಂದಿದ್ದೆ. ಆ ಚಿತ್ರ ಬೇರೆ ಯಾವುದೋ ದಿನದ್ದೋ, ಅಥವಾ ಈಗಷ್ಟೇ, ಅವರ ಮುಖ ನೋಡಿ ನಾನೇ ಬರೆದುಕೊಂಡದ್ದೋ.

"ಇರಬಹುದು," ಎಂದೆ.

"ಇವತ್ತೊಂದು ದಿನ ಆ ಮಾತು ಬಿಡು, ಪ್ರೊಫೆಸರ್. ಹೌದು ಅನ್ನು, ಇಲ್ಲ ಅನ್ನು."

ಹೌದು ಎಂದಿದ್ದರೆ ಸಾಕಾಗಿತ್ತು. ಯಾರೂ ಅಲ್ಲ ಅನ್ನುತ್ತಿರಲಿಲ್ಲ. ನನಗೆ ಗೊತ್ತಿಲ್ಲ ಎಂದೆ. ಹೇಳುವಾಗ ಎದೆಯಲ್ಲಿ ಏನೂ ಆಗಲಿಲ್ಲ; ಯಾರೋ ದಾರಿ ಕೇಳಿದಾಗ ಹೇಳಿದಷ್ಟೇ ಸಲೀಸಾಗಿ ಬಾಯಿಂದ ಬಂತು.

ಅಜ್ಜಿ ತಲೆಯಾಡಿಸಿದರು. "ಇಟ್ಟೋರು ಯಾರಾದ್ರೂ ಆಗ್ಲಿ. ತೆಗೆದಿದ್ದು ನಾನು. ಇಷ್ಟು ಹೊತ್ತು ಕೈಲಿ ಹಿಡ್ಕೊಂಡಿದ್ದು ನಾನು. ಮೊದ್ಲಾಗಿದ್ರೆ ಕತ್ತಲಲ್ಲೂ ಗೊತ್ತಾಗ್ತಿತ್ತು."

ಮಗ ಏನೋ ಹೇಳಹೋದ. ಅವರು ಕೈಯೆತ್ತಿ ತಡೆದು, ಸೂಪು ಚೆಲ್ಲಿ ಬಾ ಎಂದರು. ಅವನು ಚೆಲ್ಲಿದ. ಹೊತ್ತಾಗುತ್ತಿತ್ತು, ಅವರು ಮೇಣದ ಬತ್ತಿ ಹಚ್ಚಿದರು. ಬ್ರೆಡ್ಡು, ಸೌತೆಕಾಯಿ ತಿಂದೆವು. ರುಚಿ ನೆನಪಿಲ್ಲ.

ಸೋಮವಾರ ಸಮಾಜಸೇವಕಿ ಫೋನ್ ಮಾಡಿದರು. ಕಂಡದ್ದನ್ನು ಹೇಳಿದೆ, ಕಾಣದ್ದನ್ನೂ ಹೇಳಿದೆ. ತೊಳೆದರೆ ಸಾಕು ಎಂದು ನಾನು ತಿಳಿದಿದ್ದದ್ದು ಅವರಿಗೆ ಹೊಸದಾಗಿ ಕೇಳಿಸಿತು. ಗೊತ್ತಿದೆ ಎಂದು ಹೇಳುವವರಿಗೂ ಇನ್ನು ಮೇಲೆ ತರಬೇತಿಯಲ್ಲಿ ಬಿಡಿಸಿ ಹೇಳುತ್ತೇವೆ ಎಂದರು. ನಿಮ್ಮ ತಪ್ಪು ಅಂದುಕೊಳ್ಳಬೇಡಿ ಎಂದೂ ಸೇರಿಸಿದರು. ನಾನು ಏನೂ ಅಂದುಕೊಂಡಿರಲಿಲ್ಲ.

ಅಜ್ಜಿ ಆಡಿದ ಮಾತಿನಂತೆ ಹೋದರು. ಸಿಯಾಟಲ್‌ನಲ್ಲಿ ಅವರ ಪದ್ಧತಿಯನ್ನೇ ಪಾಲಿಸುವ ಒಂದು ನಿವಾಸ. ಎಲ್ಲರಿಗೂ ಒಂದೇ ದೊಡ್ಡ ಅಡುಗೆಮನೆ, ಒಳಗೆ ಹೋಗಲು ಇವರಿಗೆ ಅನುಮತಿಯಿಲ್ಲ. ನಾನು ಬರುವುದು ಬೇಕೇ ಎಂದು ಸಮಾಜಸೇವಕಿಯ ಮೂಲಕ ಕೇಳಿಸಿದೆ. ಬರಲಿ ಎಂದರಂತೆ.

ಮೊದಲ ಶುಕ್ರವಾರ ಊಟದ ಕೋಣೆಯಲ್ಲಿ ಅವರ ಎದುರು ಕೂತೆ. ಸೂಪು ಬಂತು. ಯಾರು ಮಾಡಿದರು, ಯಾರು ತೊಳೆಯುತ್ತಾರೆ, ಏನೂ ಗೊತ್ತಿಲ್ಲ ಎಂದು ಅವರು ಹೇಳಿದರು. ಅಲ್ಲಿಯ ಊಟ ಚೆನ್ನಾಗಿದೆಯೇ ಎಂದು ಕೇಳಿದೆ.

"ಇಲ್ಲಿ ನಾನು ತಪ್ಪು ಮಾಡೋಕೇ ಆಗಲ್ಲ," ಎಂದು ಬಟ್ಟಲು ಹತ್ತಿರಕ್ಕೆ ಎಳೆದುಕೊಂಡರು. ನನ್ನ ಮುಂದೆಯೂ ಒಂದು ಬಟ್ಟಲು ಇಡಲು ಬಂದವಳಿಗೆ, ಇವನು ಕೋಳಿ ತಿನ್ನಲ್ಲ ಎಂದು ಹೇಳಿ ಕಳಿಸಿದರು.