ಗೀಟಕ್ಕನ ಶನಿವಾರದ ಕೂಟ

ಬರೆಯೋದನ್ನು ಕಲಿಸುವ ಟೀಚರುಗಳು ಲೋಕದಲ್ಲಿ ಬೇಕಾದಷ್ಟು ಮಂದಿ. ಮಕ್ಕಳ ಎದುರಿಗೇ ಬರೆದು, ಮಕ್ಕಳ ಎದುರಿಗೇ ಹೊಡೆದುಹಾಕಿ, ಮುಂದಿನ ಸಾಲು ತೋಚದೆ ಮಕ್ಕಳ ಎದುರಿಗೇ ತಲೆ ಕೆರೆದುಕೊಂಡು ನಿಂತವಳು ಮಾತ್ರ ನನಗೆ ಗೊತ್ತಿರುವ ಮಟ್ಟಿಗೆ ಇವಳೊಬ್ಬಳೇ. ಅವಳ ಅಸಲಿ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಯಾರಿಗೂ ನೆನಪಿಲ್ಲ. ಮಕ್ಕಳು ಇಟ್ಟ ಹೆಸರು ಗೀಟಕ್ಕ. ಗೀಟು ಹಾಕಿ ಹಾಕಿ ಬಂದ ಹೆಸರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ. ಅವಳೂ ಓಗೊಡುತ್ತಿದ್ದಳು.

ಕುಳ್ಳಗಿನ ಹೆಂಗಸು. ಕನ್ನಡಕ ಸದಾ ತಲೆಯ ಮೇಲೆ, ಅದನ್ನು ಹುಡುಕುವ ಕೈ ಸದಾ ಚೀಲದಲ್ಲಿ. ಆ ಚೀಲವನ್ನು ಅವಳ ಅಕ್ಕ ಹೊಲಿದುಕೊಟ್ಟದ್ದು. ಅಕ್ಕ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ: ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ತುಂಬ ನೇತುಬಿದ್ದ ಅರ್ಧಂಬರ್ಧ ಅಂಗಿಗಳು. ಹಿಂದಿನ ಕೋಣೆಗಳಲ್ಲಿ ಅಕ್ಕ ತಂಗಿಯರ ಸಂಸಾರ. ಇಬ್ಬರಿಗೂ ಮದುವೆ ಒಗ್ಗಲಿಲ್ಲ. ಇಬ್ಬರೂ ಅದನ್ನು ನೆನೆದು ಕೊರಗುವವರಲ್ಲ.

ಕೆಲಸಕ್ಕೆ ಸೇರಿದ ಮೊದಲ ಹತ್ತು ವರ್ಷ ಗೀಟಕ್ಕನೂ ಎಲ್ಲರಂತೆಯೇ. ಬೋರ್ಡಿನ ಮೇಲೆ ವಿಷಯ ಬರೆಯೋದು, ಕುರ್ಚಿಯಲ್ಲಿ ಕೂರೋದು, ಪುಸ್ತಕ ಒಟ್ಟು ಮಾಡಿ ಕೆಂಪು ಶಾಯಿ ಹರಿಸೋದು. ಒಂದು ದಿನ "ನಮ್ಮ ಮನೆಯ ಬಾಗಿಲು" ಅಂತ ವಿಷಯ ಕೊಟ್ಟು ಕೂತಿದ್ದಳು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್, ನಿಮ್ಮ ಮನೆಗೂ ಬಾಗಿಲಿದೆಯಾ?"

"ಇಲ್ದೆ ಏನೇ? ಕಿಟಕಿಯಿಂದ ಹಾರಿ ಬರ್ತೀನಾ?"

"ಹಾಗಾದ್ರೆ ನೀವೂ ಬರೀರಿ ಟೀಚರ್. ಹೇಗೆ ಬರೀತೀರಿ ಅಂತ ನೋಡ್ಬೇಕು."

ಇದೇನು ಮಹಾ ಎಂದು ಎದ್ದಳು. ಒಂದು ಸಾಲು ಬಂತು. ಎರಡನೆಯದೂ ಬಂತು. ಮೂರನೆಯದಕ್ಕೆ ಕೈ ನಿಂತೇಹೋಯಿತು. ಹತ್ತು ವರ್ಷದಿಂದ ಕಲಿಸುತ್ತಿದ್ದ ವಿದ್ಯೆ, ಸ್ವಂತಕ್ಕೆ ಕೈಗೆತ್ತಿಕೊಂಡರೆ ಬೆವರು! ಬರೆದಳು, ಅಡ್ಡ ಗೀಟು ಎಳೆದಳು, ಮತ್ತೆ ಬರೆದಳು. ತರಗತಿಗೆ ತರಗತಿಯೇ ಬಾಯಿ ಬಿಟ್ಟುಕೊಂಡು ನೋಡಿತು. ಯಾವತ್ತೂ ಒಂದು ಸಾಲಿಗಿಂತ ಹೆಚ್ಚು ಬರೆಯದ ಹುಡುಗನೂ ಅವತ್ತು ಪುಟ ತುಂಬಿಸಿದ, ಅದರಲ್ಲಿ ಅರ್ಧಕ್ಕರ್ಧ ಹೊಡೆದುಹಾಕಿದ. ಟೀಚರೇ ಹೊಡೆದುಹಾಕುತ್ತಾಳೆ ಅಂದಮೇಲೆ ನನಗೇನು ಭಯ ಅಂತ.

ಸಂಜೆ ಅಕ್ಕನಿಗೆ ಹೇಳಿದಳು. ಅಕ್ಕ ಹಲ್ಲಿನ ನಡುವಿನ ಸೂಜಿ ತೆಗೆದು, "ಬಿಚ್ಚೋಕೆ ಹೆದರೋಳು ಹೊಲಿಯೋಕೆ ಕೂರಬಾರ್ದು ಕಣೇ. ಇದು ನಿನಗೆ ಹತ್ತು ವರ್ಷ ಆದ್ಮೇಲೆ ಗೊತ್ತಾಯ್ತಾ?" ಅಂದಳು.

ಕೂಟ ಶುರುವಾದದ್ದು ಆ ಮಾತಿನಿಂದ. ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟಮೇಲೆ, ಮಹಡಿಯ ಮೇಲೆ ಹಳೆಯ ಭೂಪಟ ಸುತ್ತಿಟ್ಟ ಕೋಣೆ. ಮೊದಲು ಇಬ್ಬರು, ಆಮೇಲೆ ಸುತ್ತಲಿನ ಶಾಲೆಗಳಿಂದಲೂ ಬಂದು ಏಳು ಜನ. ಎಲ್ಲರೂ ಬರವಣಿಗೆ ಕಲಿಸುವವರೇ. ಆ ವಾರ ಮಕ್ಕಳಿಗೆ ಯಾವ ವಿಷಯ ಕೊಟ್ಟಿರುತ್ತಾರೋ ಅದರ ಮೇಲೆ ತಾವೂ ಒಂದು ಪುಟ ಬರೆದು ತರಬೇಕು, ಗಟ್ಟಿಯಾಗಿ ಓದಬೇಕು. ಕೇಳುವವರು ಮೇಜಿನ ಮೇಲೆ ಒಂದೊಂದು ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿ ಹಿಡಿದಿರಬೇಕು. ಮನಸ್ಸು ಯಾವ ಮಾತಿನಲ್ಲಿ ಜಾರಿತೋ, ಆ ಮಾತಿಗೇ ಪೆನ್ಸಿಲ್ ಕೆಳಗಿಡಬೇಕು. ಬೈಯೋ ಹಾಗಿಲ್ಲ, ಹೊಗಳೋ ಹಾಗಿಲ್ಲ. ಓದುವವರು ತಲೆಯೆತ್ತಿ ನೋಡಿದರೆ ಸಾಕು. ಎಲ್ಲಿ ಐದು ಪೆನ್ಸಿಲ್ ಒಟ್ಟಿಗೆ ಮಲಗಿದವೋ ಅಲ್ಲಿಗೊಂದು ಗೀಟು.

ಮೊದಲ ದಿನ ಬಂದವರು ಅತ್ತದ್ದೂ ಉಂಟು. ಎರಡನೇ ವಾರ ಮತ್ತೆ ಬಂದೇ ಬಂದರು. ಹನ್ನೆರಡು ವರ್ಷ ಹೀಗೆ ನಡೆಯಿತು.

ಇಲಾಖೆಯದೂ ಒಂದು ತರಬೇತಿ ಇತ್ತಲ್ಲ, ಅದನ್ನೂ ಹೇಳಿಬಿಡಬೇಕು. ವರ್ಷಕ್ಕೆ ಐದು ದಿನ, ದೊಡ್ಡ ಹಾಲ್, ಪರದೆ, ಎರಡು ಹೊತ್ತು ಚಹಾ. ತರಬೇತುದಾರರು ಪರದೆಯ ಮೇಲಿದ್ದದ್ದನ್ನು ಓದುವುದು, ಟೀಚರುಗಳು ಅದನ್ನು ಪುಸ್ತಕಕ್ಕೆ ಇಳಿಸಿಕೊಳ್ಳುವುದು. ಪೀಠಿಕೆಗೆ ಇಷ್ಟು ಸಾಲು, ವಿವರಣೆಗೆ ಇಷ್ಟು, ಉಪಸಂಹಾರಕ್ಕೆ ಇಷ್ಟು. ಐದನೇ ದಿನ ಒಂದು ಸರ್ಟಿಫಿಕೇಟು, ಒಂದು ಫೋಟೋ. ಗೀಟಕ್ಕ ಮೂರು ವರ್ಷ ಹೋಗಿ ಕೂತಳು. ಮೂರನೇ ವರ್ಷ ಕೈ ಎತ್ತಿದಳು.

"ಸಾರ್, ಈ ಐದು ದಿನದಲ್ಲಿ ನಾವು ಬರೆಯೋದು ಯಾವಾಗ?"

"ಬರ್ಕೊಳ್ತಾ ಇದೀರಲ್ಲಮ್ಮ!"

"ಇದು ನಿಮ್ದು ಸಾರ್. ನಮ್ದು?"

ತರಬೇತುದಾರರು ವೇಳಾಪಟ್ಟಿ ತಿರುವಿ ನೋಡಿದರು. "ಅದಕ್ಕೆ ಇದರಲ್ಲಿ ಜಾಗ ಇಲ್ಲ."

"ನೀರಿಲ್ಲದ ಕೊಳದಲ್ಲಿ ಈಜು ಕಲಿಸ್ತಿದೀರಿ ಸಾರ್. ಯಾರೂ ಮುಳುಗಲ್ಲ, ಅದೊಂದು ಅನುಕೂಲ" ಅಂದು ಕೂತಳು. ಹಿಂದಿನ ಸಾಲಿನವರು ಕೆಮ್ಮಿನ ನೆಪದಲ್ಲಿ ನಕ್ಕರು.

ಮುಂದಿನ ವರ್ಷದಿಂದ ಅವಳು ಆ ಕಡೆ ತಲೆ ಹಾಕಲಿಲ್ಲ. ಇಲಾಖೆ ಕೆಲವು ವರ್ಷ ಸುಮ್ಮನಿತ್ತು. ಆಮೇಲೆ ಹೊಸ ಅಧಿಕಾರಿ ಬಂದರು. ಕಡತಗಳನ್ನು ಜಾಲಾಡಿದರು, ಒಂದು ಶನಿವಾರ ನೋಟೀಸು ಬಂತು.

ಭಾನುವಾರ ಮಧ್ಯಾಹ್ನ ಗೀಟಕ್ಕ ಅಕ್ಕನ ಮೇಜಿನ ಒಂದು ಮೂಲೆಯಲ್ಲಿ ಮಕ್ಕಳ ಪ್ರಬಂಧಗಳನ್ನು ತಿದ್ದುತ್ತಾ ಕೂತಿದ್ದಳು. ಬಿಡಿ ಹಾಳೆಗಳು, ನಲವತ್ತೆರಡು. ಶಾಲೆಯ ಜವಾನ ನೋಟೀಸನ್ನು ಅದೇ ಕಟ್ಟಿನೊಳಗೆ ಸಿಕ್ಕಿಸಿ ಹೋಗಿದ್ದ. ಮೂವತ್ತು ಹಾಳೆ ತಿದ್ದಿದ ಕೈ, ಅದಕ್ಕೆ ಯಾವ ಹಾಳೆ ಆದರೇನು? ತಿದ್ದಿತು. ಅಂಚಿನಲ್ಲಿ ಬರೆಯಿತು, ಅಂಕ ಹಾಕಿತು, ಪಕ್ಕಕ್ಕೆ ಸರಿಸಿತು.

ಅಕ್ಕ ಅಳತೆ ಪಟ್ಟಿ ಹುಡುಕುತ್ತಾ ಬಂದವಳು ಆ ಹಾಳೆ ಎತ್ತಿ ನೋಡಿದಳು.

"ಇದ್ಯಾವ ಹುಡುಗ ಬರ್ದಿದ್ದೇ? ಸೀಲ್ ಬೇರೆ ಹೊಡ್ದಿದಾನೆ!"

ಗೀಟಕ್ಕ ಕನ್ನಡಕ ಇಳಿಸಿಕೊಂಡಳು. "ಉಲ್ಲೇಖಿತ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯಪಡಿಸುವುದೇನೆಂದರೆ" ಎಂಬ ಸಾಲಿನ ಪಕ್ಕ ತನ್ನದೇ ಕೆಂಪು ಅಕ್ಷರ: "ಯಾರು, ಯಾರಿಗೆ ಹೇಳುತ್ತಿದ್ದಾರೆ?" ಅರ್ಧ ಪುಟ ಹಬ್ಬಿದ ವಾಕ್ಯಕ್ಕೆ: "ಓದುವವರಿಗೆ ಉಸಿರಾಡಲು ಬಿಡು." ಕೆಳಗೆ: "ಕೋಪ ಬಂದಿದ್ದರೆ ಕೋಪ ಬಂದಿದೆ ಎಂದೇ ಬರೆ. ಹತ್ತಕ್ಕೆ ನಾಲ್ಕು. ಮತ್ತೆ ಪ್ರಯತ್ನಿಸು."

"ಅಯ್ಯೋ, ಕೆಟ್ಟೆ! ಮುಟ್ಟಿತು ಅಂತ ಇದಕ್ಕೇ ಸಹಿ ಹಾಕಿ ನಾಳೆ ವಾಪಸ್ ಕಳಿಸ್ಬೇಕು ಕಣೇ ಅಕ್ಕ."

ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ನಾಲ್ಕು ಜಾಸ್ತಿನೇ ಆಯ್ತು. ಅದ್ಸರಿ, ಅದರಲ್ಲಿ ಇರೋದಾದ್ರೂ ಏನು?"

ತಿದ್ದುವಾಗ ಅದನ್ನು ಗಮನಿಸಿರಲೇ ಇಲ್ಲ. ಈಗ ಓದಿದಳು. ತರಬೇತಿಗೆ ಗೈರುಹಾಜರಿ, ಸರಿ. ಅದರ ಕೆಳಗೆ: ಅನುಮತಿಯಿಲ್ಲದೆ ಶಾಲೆಯ ಕೋಣೆಯಲ್ಲಿ ಶನಿವಾರ ನಡೆಸುತ್ತಿರುವ ಕೂಟವನ್ನು ಕೂಡಲೇ ನಿಲ್ಲಿಸಬೇಕು, ಇನ್ನು ಮುಂದೆ ಎಲ್ಲಿಯೂ ನಡೆಸುವುದಿಲ್ಲವೆಂದು ಕ್ಷಮೆ ಕೋರಿ ಬರೆದುಕೊಡಬೇಕು.

ಹನ್ನೆರಡು ವರ್ಷದ ಶನಿವಾರಗಳು! ಸೋಮವಾರ ಇನ್ನೊಂದು ಪ್ರತಿ ಕೇಳಿ ಇಸಿದುಕೊಳ್ಳಬಹುದಿತ್ತು. ಗೀಟಕ್ಕ ಕೆಂಪು ಶಾಯಿಯಲ್ಲೇ ಸಹಿ ಹಾಕಿ, ಲಕೋಟೆಗೆ ಹಾಕಿ, ಅಂಟು ಸವರಿದಳು.

"ಗೊತ್ತಿದ್ದೂ ಕಳಿಸ್ತಿದೀಯಾ?" ಅಕ್ಕನ ನಗು ನಿಂತಿತು.

"ತಪ್ಪು ನನ್ನ ಕೈ ಮಾಡ್ತು. ಆದ್ರೆ ಕೈ ಬರೆದದ್ರಲ್ಲಿ ತಪ್ಪಿಲ್ಲ."

ಗುರುವಾರ ಕರೆ ಬಂತು. ಹೆಡ್‌ಮಾಸ್ಟರು ಜೊತೆಗೆ ಬಂದರು. ಒಳ್ಳೆಯ ಮನುಷ್ಯರೇ, ಆದರೆ ನಿವೃತ್ತಿಗೆ ಎಂಟು ತಿಂಗಳಿತ್ತು. ಕಚೇರಿಯ ಮೆಟ್ಟಿಲಲ್ಲಿ ಬೇಡಿಕೊಂಡರು. "ಟೀಚರ್, ಸಾರಿ ಅಂತ ಎರಡಕ್ಷರ. ಎರಡೇ ಅಕ್ಷರ. ನಿಮಗೇನು ಕಷ್ಟ? ದಿನಾ ಬೋರ್ಡ್ ತುಂಬ ಬರೀತೀರಿ."

"ಅದಕ್ಕೇ ಸಾರ್ ಕಷ್ಟ. ಬರೀದೇ ಇರೋರಿಗೆ ಸುಲಭ."

ಒಳಗೆ ಉದ್ದನೆಯ ಮೇಜು, ಮೇಜಿನ ಮೇಲೆ ಗಾಜು. ಅಧಿಕಾರಿ ನೀಟಾದ ಮನುಷ್ಯ. ಗೋಡೆಗೆ ಆತುಕೊಂಡ ಸಣ್ಣ ಮೇಜಿನಲ್ಲಿ ಗುಮಾಸ್ತರು, ಕಂಪ್ಯೂಟರಿನ ಹಿಂದೆ ಅರ್ಧ ಮುಖ. ಕೆಂಪು ಬರಹದ ನೋಟೀಸು ಗಾಜಿನ ಮೇಲೆ ಬಿದ್ದಿತ್ತು.

"ಏನಮ್ಮ ಇದು? ಇಲಾಖೆಗೇ ಮಾರ್ಕ್ಸ್ ಹಾಕ್ತೀರಾ?"

"ಮಕ್ಕಳ ಹಾಳೆ ಜೊತೆ ಸೇರ್ಕೊಂಡಿತ್ತು ಸಾರ್. ತಿದ್ದಿದ್ದು ಗೊತ್ತಿಲ್ದೆ. ಕಳಿಸಿದ್ದು ಗೊತ್ತಿದ್ದೇ."

ಹೆಡ್‌ಮಾಸ್ಟರು ಕಣ್ಣು ಮುಚ್ಚಿಕೊಂಡರು.

ಅಧಿಕಾರಿ ಟೈಪು ಮಾಡಿಟ್ಟಿದ್ದ ಇನ್ನೊಂದು ಹಾಳೆ ಮುಂದಕ್ಕೆ ತಳ್ಳಿದರು. "ಕ್ಷಮಾಪಣೆ. ನಾವೇ ಬರ್ದಿದೀವಿ. ಸಹಿ ಹಾಕಿ, ಕೂಟ ನಿಲ್ಲಿಸಿ. ವಿಷಯ ಇಲ್ಲಿಗೇ ಮುಗಿಯುತ್ತೆ."

"ನನ್ನ ಕ್ಷಮಾಪಣೆ ನೀವು ಬರೆದ್ರಾ ಸಾರ್?" ಗೀಟಕ್ಕ ಚೀಲದಲ್ಲಿ ಕೈಯಾಡಿಸಿದಳು. ಪೆನ್ನು ತೆಗೆಯುತ್ತಾಳೆ ಎಂದುಕೊಂಡರು. ಅವಳು ಒಂದು ಪೆನ್ಸಿಲ್ ತೆಗೆದು ಗಾಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಹಿಡಿದಳು. "ಒಂದು ಸಲ ಗಟ್ಟಿಯಾಗಿ ಓದ್ತೀರಾ? ಕೇಳಿ ಸಹಿ ಹಾಕೋದಾ ಬೇಡ್ವಾ ಹೇಳ್ತೀನಿ."

ಬೇಗ ಮುಗಿಯಲಿ ಎಂದು ಅವರು ಓದಿದರು. "ಈ ಮೂಲಕ ತಮ್ಮ ಸನ್ನಿಧಾನದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದರಿ ವಿಷಯದಲ್ಲಿ..."

ಪೆನ್ಸಿಲ್ ಮಲಗಿತು. ಗಾಜಿನ ಮೇಲೆ ಟಕ್ ಎಂದ ಸಣ್ಣ ಸದ್ದು.

"ಏನದು?"

"ಇಲ್ಲಿಗೆ ನನ್ನ ಕಿವಿ ಮುಚ್ಚಿತು ಸಾರ್. ನಮ್ಮ ಕೂಟದಲ್ಲಿ ಮಾಡೋದು ಇಷ್ಟೇ. ನಾವು ಬರೆದದ್ದು ಎಲ್ಲಿ ಸತ್ತುಹೋಯ್ತು ಅಂತ ಒಬ್ಬರಿಗೊಬ್ಬರು ತೋರಿಸ್ತೀವಿ. ಅಷ್ಟು ಗೊತ್ತಾದ್ಮೇಲೆ ಮಕ್ಕಳ ಹತ್ರ ಹೋಗ್ತೀವಿ. ಇದಕ್ಕೆ ಕ್ಷಮೆ ಹೇಗೆ ಕೇಳೋದು?"

ಮೂಲೆಯಲ್ಲಿ ಕೀಲಿಮಣೆಯ ಸದ್ದು ನಿಂತಿತ್ತು.

ಅಧಿಕಾರಿಯ ಕಿವಿ ಕೆಂಪಾಯಿತು. "ನಾಳೆಯಿಂದಲೇ ಆ ಕೋಣೆಗೆ ಬೀಗ."

"ಬೀಗ ಕೋಣೆಗೆ ತಾನೇ ಸಾರ್? ಹಾಕಿ. ಕೂಟ ನಿಲ್ಲಲ್ಲ."

"ನಿಮ್ಮ ಸರ್ವೀಸ್ ಪುಸ್ತಕದಲ್ಲಿ ನೀವು ಬಾರದ ವರ್ಷಗಳ ತರಬೇತಿ ಕಾಲಂ ಖಾಲಿಯಾಗೇ ಉಳಿಯುತ್ತೆ. ಬಡ್ತಿ ಮರೆತುಬಿಡಿ."

"ಖಾಲಿ ಜಾಗಕ್ಕೆ ನಾನು ಹೆದರೋದು ಬಿಟ್ಟು ಹನ್ನೆರಡು ವರ್ಷ ಆಯ್ತು. ವಾರಕ್ಕೊಂದ್ಸಲ ಅದರ ಎದುರು ಕೂರ್ತೀನಿ." ಪೆನ್ಸಿಲ್ ಎತ್ತಿಕೊಂಡಳು. "ತಲೆ ಮೇಲೆ ತಲೆ ಬಿದ್ರೂ ನಾನು ಇದಕ್ಕೆ ಸಹಿ ಹಾಕಲ್ಲ. ಬರ್ತೀನಿ ಸಾರ್."

ಬೀಗ ಬಿತ್ತು. ಶನಿವಾರ ಏಳು ಜನವೂ ಮಹಡಿ ಹತ್ತಿ ಬೀಗ ನೋಡಿ ಇಳಿದರು. ಇಬ್ಬರ ಮುಖ ಸಣ್ಣಗಾಗಿತ್ತು. ಒಬ್ಬ ಮೇಷ್ಟ್ರು ಕೇಳಿಯೇಬಿಟ್ಟರು, "ಟೀಚರ್, ನಮಗೂ ನೋಟೀಸು ಬರುತ್ತಾ?"

"ಬರಬಹುದು. ಬಂದ್ರೆ ಕೆಂಪು ಪೆನ್ನು ನಾನು ಕೊಡ್ತೀನಿ. ಹೋಗೋರು ಹೋಗಿ, ನಾನೇನೂ ಅಂದ್ಕೊಳ್ಳಲ್ಲ."

ಆ ಮೇಷ್ಟ್ರು ಹೋದರು. ಉಳಿದ ಆರು ಜನ ದರ್ಜಿ ಅಂಗಡಿಗೆ ನಡೆದರು. ಅಕ್ಕ ಮೇಜಿನ ಮೇಲಿನ ಬಟ್ಟೆ ಬಾಚಿ ಮೂಲೆಗೆ ತಳ್ಳಿದಳು. "ಕೂತ್ಕೊಳ್ಳಿ. ಸೂಜಿ ಇದಾವೆ, ನೋಡ್ಕೊಂಡು. ನಾನೂ ಕೇಳ್ತೀನಿ. ಪೆನ್ಸಿಲ್ ಇಲ್ಲ, ಬಟ್ಟೆ ಗುರುತು ಹಾಕೋ ಸೀಮೆಸುಣ್ಣ ನಡೆಯುತ್ತಾ?"

ಮೊದಲ ಪುಟ ಓದಲು ಶುರು ಮಾಡಿದ್ದರಷ್ಟೇ. ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಅಧಿಕಾರಿಯ ಕಚೇರಿಯ ಗುಮಾಸ್ತರು, ಕೈಯಲ್ಲೊಂದು ಮಡಿಸಿದ ಹಾಳೆ.

ಗೀಟಕ್ಕ ಎದ್ದಳು. "ಇನ್ನೊಂದು ನೋಟೀಸಾ? ಇಲ್ಲಿಗೂ ಬೀಗ ತಂದ್ರಾ? ಇದು ನಮ್ಮಕ್ಕನ ಅಂಗಡಿ."

"ಇಲ್ಲ ಟೀಚರ್." ಗುಮಾಸ್ತರು ಚಪ್ಪಲಿ ಬಿಡೋದೋ ಬೇಡವೋ ಎಂದು ಒದ್ದಾಡಿದರು. "ಆ ನೋಟೀಸು ಬರ್ದಿದ್ದು ನಾನು. ಬರ್ದಿದ್ದು ಅಂದ್ರೆ... ಹಳೇ ಫೈಲಿಂದ ಇಳಿಸಿದ್ದು. ಆ ಫೈಲಿನೋರು ಅವರಿಗಿಂತ ಹಳೇದ್ರಿಂದ. ಇಪ್ಪತ್ತಾರು ವರ್ಷ ಸರ್ವೀಸು ನಂದು. ನಾನು ಬರೆದದ್ದನ್ನ ಒಬ್ರೂ ಕೊನೇವರೆಗೆ ಓದಿರಲಿಲ್ಲ. ನೀವು ಓದಿದ್ರಿ. ನಾಲ್ಕು ಕೊಟ್ರಿ."

"ಕಡಿಮೆ ಆಯ್ತು ಅಂತ ಜಗಳಕ್ಕೆ ಬಂದ್ರಾ?" ಅಕ್ಕ ಕೇಳಿದಳು.

"ಮತ್ತೆ ಪ್ರಯತ್ನಿಸು ಅಂತ ಬರ್ದಿದ್ರಲ್ಲ. ಪ್ರಯತ್ನಿಸಿದೀನಿ."

ಯಾರೋ ಸ್ಟೂಲು ಸರಿಸಿ ಕೊಟ್ಟರು. ಏಳು ಕೈ ಮೇಜಿನ ಮೇಲೆ ಬಂದವು, ಆರು ಪೆನ್ಸಿಲು, ಒಂದು ಸೀಮೆಸುಣ್ಣ. ಗುಮಾಸ್ತರು ಹಾಳೆ ಬಿಡಿಸಿ ಓದಿದರು.

"ಟೀಚರ್, ನೀವು ತರಬೇತಿಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನಾವು ಒಂದು ಸಲವೂ ಕೇಳಲಿಲ್ಲ. ಶನಿವಾರ ನೀವು ಏನು ಮಾಡುತ್ತೀರಿ ಎಂದು ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಿಲ್ಲಿಸಲು ನಮಗೆ ಬರುತ್ತದೆ. ಬೇರೇನೂ ಅಷ್ಟು ಚೆನ್ನಾಗಿ ಬರುವುದಿಲ್ಲ."

ಒಂದು ಪೆನ್ಸಿಲೂ ಅಲುಗಲಿಲ್ಲ. ಹೊರಗೆ ಯಾರದೋ ಸೈಕಲ್ ಗಂಟೆ ಬಾರಿಸಿ ಹೋಯಿತು. ಗುಮಾಸ್ತರ ದನಿಗೆ ಧೈರ್ಯ ಬಂತು.

"ಆದ್ದರಿಂದ ಈ ಮೂಲಕ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ..."

ಸೀಮೆಸುಣ್ಣ ಮಲಗಿತು. ಹಿಂದೆಯೇ ಆರು ಪೆನ್ಸಿಲ್.

ಗುಮಾಸ್ತರು ತಲೆಯೆತ್ತಿ ನೋಡಿದರು. ಅವಮಾನವಾಯಿತೋ ಏನೋ ಎಂದು ಎಲ್ಲರಿಗೂ ಅಳುಕು. ಅವರು ಮೆಲ್ಲಗೆ ನಗುತ್ತಿದ್ದರು. "ಅದು ಹಳೇ ಫೈಲಿಂದು. ಕೈ ತಾನಾಗೇ ಬರ್ಕೊಂಡು ಹೋಯ್ತು."

ಗೀಟಕ್ಕ ಕೆಂಪು ಪೆನ್ನನ್ನು ಅವರ ಮುಂದಿಟ್ಟಳು. "ನಾನು ಹೊಡೆಯಲ್ಲ. ನೀವೇ ಎಳೀರಿ."

ಅವರು ಎಳೆದರು. ಇಪ್ಪತ್ತಾರು ವರ್ಷದ ಕೈ, ಮೊದಲ ಗೀಟು ಸೊಟ್ಟಗೆ ಬಂತು.

ಭೂಪಟದ ಕೋಣೆಯ ಬೀಗ ಇನ್ನೂ ಹಾಗೇ ಇದೆ, ಸರ್ವೀಸ್ ಪುಸ್ತಕದ ಆ ಕಾಲಮ್ಮೂ ಖಾಲಿ ಇದೆ. ಬಡ್ತಿ ಬರಲಿಲ್ಲ. ಅವತ್ತು ಹೋದ ಮೇಷ್ಟ್ರು ಒಂದೂವರೆ ತಿಂಗಳ ಮೇಲೆ ತಾವೇ ಸ್ಟೂಲು ಹೊತ್ತುಕೊಂಡು ಬಂದರು. ಅಕ್ಕ ಈಗ ಶನಿವಾರ ಮಧ್ಯಾಹ್ನ ಗಿರಾಕಿಗಳನ್ನು ಬಾಗಿಲಲ್ಲೇ ನಿಲ್ಲಿಸಿ ಹೇಳುತ್ತಾಳೆ: "ಸಂಜೆ ಬನ್ನಿ. ಈಗ ಒಳಗೆ ಬಿಚ್ಚೋ ಕೆಲಸ ನಡೀತಿದೆ."