ಕಾಕ ಹೊಡೆಯದ ಈಡು

ಮೊನ್ನೆ ನನ್ನ ಹೆಂಡತಿ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದಳು. ಪೇಪರ್ ಓದುತ್ತಾ ಕೂತಿದ್ದ ನನ್ನ ಮೂಗಿಗೆ ಆ ವಾಸನೆ ಬಡಿದದ್ದೇ ತಡ, ಮಂಡೆ ಬಿಸಿಯಾಯಿತು. ಪೇಪರ್ ಮಡಚಿ ಕುಕ್ಕಿದೆ. ಅವಳಿಗೆ ಆಶ್ಚರ್ಯ. ಎಣ್ಣೆಯ ವಾಸನೆಗೆ ಯಾರಾದರೂ ಸಿಟ್ಟು ಮಾಡಿಕೊಳ್ಳುತ್ತಾರಾ? ನಾನು ಮಾಡಿಕೊಳ್ಳುತ್ತೇನೆ. ಅದೇ ಎಣ್ಣೆಯ ಪುಟ್ಟ ಬಾಟ್ಲಿಯನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದ ಒಬ್ಬ ಮನುಷ್ಯ ಸೌದಿಯ ನಜ್ರಾನಿನಲ್ಲಿ ನನ್ನ ಕೋಣೆಯಲ್ಲಿದ್ದರು. ಅವರಿಗಾದ ಅನ್ಯಾಯ ನೆನಪಾದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಅವರನ್ನು ನಾವೆಲ್ಲ ಕಾಕ ಎಂದು ಕರೆಯುತ್ತಿದ್ದೆವು. ಬೆಳ್ತಂಗಡಿ ಕಡೆಯ ಬ್ಯಾರಿ, ನಮ್ಮ ಕಫೀಲನ ಮನೆಯ ಡ್ರೈವರ್. ಕಫೀಲ್ ಅಂದರೆ ನಮ್ಮ ವೀಸಾ, ಇಕಾಮಾ ಎಂಬ ವಾಸದ ಕಾರ್ಡು, ಅನ್ನ ಎಲ್ಲ ಯಾರ ಮುಷ್ಟಿಯಲ್ಲಿತ್ತೋ ಆ ಯಜಮಾನ. ನಾನು ಅದೇ ಯಜಮಾನನ ಗ್ಯಾರೇಜಿನಲ್ಲಿ ಸ್ಟೋರ್ ಕೀಪರ್. ನಾನು ಕ್ರಿಶ್ಚಿಯನ್ ಆದ ಕಾರಣ ಕಾಕ ನನ್ನನ್ನು ಪೊರ್ಬು ಎಂದೇ ಕರೆದದ್ದು, ಕೊನೆಯವರೆಗೂ. ನಜ್ರಾನಿನ ಗಡಿಯಲ್ಲಿ ಯುದ್ಧ ಶುರುವಾಗುವ ಮುಂಚಿನ ಮಾತು ಇದು. ಎಲ್ಲರ ಕೈಗೂ ಆಗಷ್ಟೇ ವಾಟ್ಸಾಪ್ ಬಂದಿತ್ತು.

ಕಾಕ ದೇವರಂಥ ಮನುಷ್ಯ ಎಂದೆಲ್ಲ ನಾನು ಹೇಳುವುದಿಲ್ಲ. ಭಯಂಕರ ಕಿರಿಕಿರಿಯ ಆಸಾಮಿ. ಸಕ್ಕರೆ ಡಬ್ಬ ಅಡಗಿಸಿಡುವುದು, ನನ್ನ ಮೀನು ಸಾರಿಗೆ ಹುಳಿ ಜಾಸ್ತಿ ಎಂದು ಗೊಣಗುತ್ತಲೇ ಎರಡು ಸಲ ಬಡಿಸಿಕೊಳ್ಳುವುದು, ನಾನು ಫೋನಿನಲ್ಲಿ ಮಾತಾಡಿದರೆ ಯಾರದ್ದು, ಎಂತದ್ದು ಎಂದು ಪೂರ್ತಿ ವರದಿ ಕೇಳುವುದು. ಗೊರಕೆಯ ಬಗ್ಗೆ ಬರೆಯುವುದೇ ಬೇಡ. ಆದರೆ ಒಂದು ವಿಷಯದಲ್ಲಿ ಆ ಮನುಷ್ಯನನ್ನು ಅಲ್ಲಾಡಿಸಲು ಯಾರಿಂದಲೂ ಸಾಧ್ಯವಿರಲಿಲ್ಲ. ಅದು ಬೇಟೆಯ ವಿಷಯ.

ಆಗಿನ ಕಫೀಲ್ ಒಬ್ಬ ಮುದುಕ. ಅವರ ಹತ್ತಿರ ಒಂದು ಹಳೇ ರೈಫಲ್ ಇತ್ತು. ಅವರ ಅಪ್ಪನ ಕಾಲದಲ್ಲಿ ಎಣ್ಣೆ ಹುಡುಕಲು ಬಂದ ಅಮೆರಿಕದವನೊಬ್ಬ ಕೊಟ್ಟು ಹೋದದ್ದಂತೆ. ಸಿನಿಮಾದಲ್ಲಿ ಕುದುರೆ ಮೇಲೆ ಕೂತವರ ಕೈಯಲ್ಲಿ ನೋಡಿದ್ದೇವಲ್ಲ, ಅದೇ ಜಾತಿ. ಬೆರಳು ಹಾಕುವಲ್ಲಿ ಬಳೆಯಂಥ ಕಬ್ಬಿಣದ ಹಿಡಿ. ಅದನ್ನು ಕೆಳಗೆ ತಳ್ಳಿ ಮೇಲೆಳೆದರೆ ಕಟಕ್ ಕಟಕ್ ಎಂದು ಖಾಲಿ ತೋಟೆ ಹೊರಗೆ ಹಾರಿ ಹೊಸದು ಒಳಗೆ ಕೂರುತ್ತಿತ್ತು. ನಳಿಗೆಯ ಅಡಿಯಲ್ಲಿ ಇನ್ನೊಂದು ಕೊಳವೆ, ಅದರೊಳಗೆ ತೋಟೆಗಳು ಒಂದರ ಹಿಂದೆ ಒಂದು ಸಾಲಾಗಿ ಇರುತ್ತಿದ್ದವು. ಮರದ ಹಿಡಿಕೆ ಮುದುಕನ ಕೆನ್ನೆ ತಾಗಿ ತಾಗಿ ನುಣ್ಣಗಾಗಿತ್ತು. ಇಂಥದ್ದೊಂದಕ್ಕೆ ಎಣ್ಣೆ ಹಾಕಿ, ಒರೆಸಿ, ಬಟ್ಟೆ ಸುತ್ತಿ ಇಡುವ ಕೆಲಸ ಕಾಕನದ್ದು. ಯಾರೂ ಹೇಳಿ ಕೊಟ್ಟ ಕೆಲಸ ಅಲ್ಲ, ಅವರೇ ಕೇಳಿ ಪಡೆದದ್ದು.

ಯಾಕೆಂದರೆ ಊರಲ್ಲಿ ಅವರಿಗೂ ಒಂದು ಕೋವಿ ಇತ್ತು. ಬೆಳೆ ಕಾಯಲು ಲೈಸೆನ್ಸ್ ಇದ್ದ, ಮದ್ದು ತುಂಬಿಸಿ ಕೇಪು ಇಡುವ ಕೋವಿ. ಗಲ್ಫಿಗೆ ಹೊರಟಾಗ ಅದನ್ನು ಠಾಣೆಗೆ ಒಪ್ಪಿಸಿ ಬಂದಿದ್ದರು, ಮತ್ತೆ ಸಿಗಲಿಲ್ಲ. “ನಮ್ಮದರಲ್ಲಿ ಒಂದು ಈಡು ಹೊಡೆದು ಮತ್ತೆ ಮದ್ದು ತುಂಬಿಸುವಷ್ಟರಲ್ಲಿ ಹಂದಿ ಧರ್ಮಸ್ಥಳಕ್ಕೆ ಮುಟ್ಟಿರ್ತದೆ ಪೊರ್ಬು. ಇದನ್ನು ನೋಡು, ಇದು ಕೋವಿ!” ಎಂದು ಕಣ್ಣರಳಿಸುತ್ತಿದ್ದರು. ಮುದುಕ ಒಮ್ಮೆ ಪ್ರೀತಿಯಿಂದ ರೈಫಲ್ ಅವರ ಕೈಗೆ ಕೊಟ್ಟು, ದೂರದಲ್ಲಿ ಟೊಮೇಟೊ ಡಬ್ಬಿ ಇಟ್ಟು ಹೊಡೆಯಲು ಹೇಳಿದರು. ಕಾಕ ಡಬ್ಬಿಗೂ ತಾಗಿಸಲಿಲ್ಲ, ಡಬ್ಬಿ ಇಟ್ಟ ಕಲ್ಲಿಗೂ ತಾಗಿಸಲಿಲ್ಲ. ಕನ್ನಡಕ ಸರಿಯಿಲ್ಲ ಎಂದು ಒಂದು ವಾರ ನನ್ನ ತಲೆ ತಿಂದರು.

ಅವರ ಊರಿನ ಬೇಟೆಯ ಕ್ರಮವೊಂದನ್ನು ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಾನೂನು ಬಿಗಿಯಾಗುವ ಮೊದಲಿನ ಕಾಲದ್ದು. ಬಂಟರು, ಪೂಜಾರಿಗಳು, ಪೊರ್ಬುಗಳು, ಬ್ಯಾರಿಗಳು ಎಲ್ಲ ಒಟ್ಟಿಗೇ ಕಾಡಿಗೆ ಹೋಗುತ್ತಿದ್ದರಂತೆ. ಹಂದಿ ಬಿದ್ದರೆ ಕಾಕ ದೂರ ನಿಂತು ಬೀಡಿ ಹಚ್ಚುವುದು. ಅದು ನಮ್ಮ ಪೊರ್ಬುಗಳ ಗಮ್ಮತ್ತು. ಆದರೆ ಮೊಲವೋ ಕಾಡುಕುರಿಯೋ ಬಿದ್ದರೆ ಎಲ್ಲರಿಗಿಂತ ಮೊದಲು ಓಡಬೇಕಾದವರು ಅವರೇ. ಜೀವ ಹೋಗುವ ಮುಂಚೆ ಬಿಸ್ಮಿಲ್ಲಾ ಹೇಳಿ ಚೂರಿ ಹಾಕಿದರೆ ಮಾತ್ರ ಬ್ಯಾರಿಗಳಿಗೂ ಪಾಲು ತೆಗೆದುಕೊಳ್ಳಲು ಆಗುತ್ತಿತ್ತು. ಹಾಗಾಗಿ ಈಡು ಯಾರದ್ದೇ ಇರಲಿ, ಓಟ ಕಾಕನದ್ದು. ಉಳಿದವರು ಮುಟ್ಟದೆ ಕಾಯುತ್ತಿದ್ದರಂತೆ. ಮತ್ತೊಂದು ಕಟ್ಟಳೆ: ಗಬ್ಬದ ಹೆಣ್ಣಿಗೆ ಈಡಿಲ್ಲ. ಯಾರಾದರೂ ಹೊಡೆದರೆ ಅವನನ್ನು ಮತ್ತೆ ಬೇಟೆಗೆ ಕರೆಯುತ್ತಿರಲಿಲ್ಲ.

ಮುದುಕ ಕಫೀಲರದ್ದೂ ಅದೇ ರೀತಿ. ಶುಕ್ರವಾರ ಜುಮ್ಮಾ ಮುಗಿಸಿ ಮರಳುಗಾಡಿನ ಕಡೆ ಹೊರಟರೆ ಕಾಕ ಗಾಡಿ ಬಿಡುವುದು, ನಾನು ಅನ್ನ ಬೇಯಿಸಲು ಹೋಗುವುದು. ಮೊಲ ಕಂಡರೆ ಮುದುಕ ಹೊಡೆಯುತ್ತಿದ್ದರು. ಜಿಂಕೆ ಕಂಡರೆ ರೈಫಲ್ ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ನೋಡುತ್ತಿದ್ದರು. ಜಿಂಕೆ ಹೊಡೆಯುವುದು ಅಲ್ಲಿಯ ಕಾನೂನಿಗೂ ವಿರುದ್ಧ. ಈಡು ಮುಗಿದ ಕೂಡಲೇ ಹಿಂದೆ ತಿರುಗಿ ನೋಡದೆಯೇ ರೈಫಲನ್ನು ಕೈ ಚಾಚಿ ಕೊಡುವುದು, ಕಾಕ ತೆಗೆದುಕೊಂಡು ಕಟಕ್ ಕಟಕ್ ಎಂದು ಉಳಿದ ತೋಟೆಗಳನ್ನೆಲ್ಲ ಹೊರಗೆ ಹಾರಿಸಿ ಜೇಬಿಗೆ ಹಾಕಿಕೊಳ್ಳುವುದು. ಇಬ್ಬರ ನಡುವೆ ಮಾತೇ ಬೇಕಿರಲಿಲ್ಲ. ಆ ಶುಕ್ರವಾರಗಳು... ಎಷ್ಟು ಚಂದ ಇದ್ದವು.

ಮುದುಕ ತೀರಿಕೊಂಡರು. ಕಫೀಲನ ಜಾಗಕ್ಕೆ ಮಗ ಬಂದ. ನಲವತ್ತು ದಾಟಿದ ಗಂಡಸು, ಆದರೆ ಬುದ್ಧಿ ಮಾತ್ರ ದೇವರಿಗೇ ಪ್ರೀತಿ. ಅಪ್ಪನ ರೈಫಲ್ ಅವನಿಗೆ ಫೋಟೋ ತೆಗೆಸಿಕೊಳ್ಳುವ ಸಾಮಾನು. ಗೆಳೆಯರ ಎದುರು ಅದನ್ನು ಒಂದೇ ಕೈಯಲ್ಲಿ ಗರಗರ ತಿರುಗಿಸುತ್ತಿದ್ದ. ಒಮ್ಮೆ ಎಲ್ಲಿಂದಲೋ ಮೂತಿ ಚೂಪಾದ ತೋಟೆಗಳನ್ನು ತಂದ. ಆ ಕೊಳವೆಯಲ್ಲಿ ಚೂಪು ಮೂತಿ ಮುಂದಿನ ತೋಟೆಯ ಬೆನ್ನಿಗೆ ಚುಚ್ಚಿದರೆ ಕೈಯಲ್ಲೇ ಸಿಡಿಯುತ್ತದೆಂದು ಕಾಕ ಅವನ್ನು ತುಂಬಿಸಲು ಬಿಡಲೇ ಇಲ್ಲ. ಅವನು ಕೂಗಾಡಿದ. ಕಾಕ ಕೇಳದವರ ಹಾಗೆ ರೈಫಲ್ ಒರೆಸುತ್ತಾ ಕೂತರು.

ಆ ಶುಕ್ರವಾರ ಮಗ ಇಬ್ಬರು ಗೆಳೆಯರ ಜೊತೆ ಮುಂದಿನ ಗಾಡಿಯಲ್ಲಿ. ಪಾತ್ರೆ, ಟೆಂಟು, ಅಕ್ಕಿ ತುಂಬಿಕೊಂಡು ಕಾಕ ಮತ್ತು ನಾನು ಹಿಂದಿನ ಗಾಡಿಯಲ್ಲಿ. ಮಧ್ಯಾಹ್ನ ಇಳಿಯುತ್ತಿತ್ತು. ಒಂದು ಜಿಂಕೆ ಕಂಡಿತು. ನಿಧಾನಕ್ಕೆ, ಭಾರವಾಗಿ ಓಡುತ್ತಿತ್ತು. ಕಾಕನಿಗೆ ಆ ಓಟ ನೋಡಿದ ಕೂಡಲೇ ಗೊತ್ತಾಯಿತು. ಹಾರ್ನ್ ಮೇಲೆ ಕೈ ಒತ್ತಿ “ಲಾ! ಲಾ! ಹಾಮಿಲ್!” ಎಂದು ಬೊಬ್ಬೆ ಹಾಕಿದರು. ಬೇಡ, ಅದು ಗಬ್ಬದ್ದು ಎಂದು. ಯಾರು ಕೇಳುತ್ತಾರೆ? ಓಡುವ ಗಾಡಿಯ ಕಿಟಕಿಯಿಂದ ಆ ಮಹಾಶಯ ಈಡಿನ ಮೇಲೆ ಈಡು ಹೊಡೆದ. ಕೊನೆಗೆ ಒಂದು ಅದರ ಸೊಂಟಕ್ಕೆ ಬಿತ್ತು.

ಗಾಡಿ ನಿಂತಿತು, ಅವನು ಇಳಿದ. ಬಂದವನೇ ರೈಫಲನ್ನು ಕಾಕನ ಕಡೆ ಚಾಚಿದ, ಅವನಪ್ಪ ಚಾಚುತ್ತಿದ್ದ ಹಾಗೆಯೇ. ಕಾಕನ ಕೈ ತಾನಾಗಿ ಮುಂದೆ ಹೋಯಿತು. ಅದನ್ನು ಹೆಗಲಿಗೆ ಹಾಕಿಕೊಂಡು, ಚೂರಿ ತೆಗೆದುಕೊಂಡು ಓಡಿದರು. ಅಲ್ಲಿ ಜಿಂಕೆ ಕಾಲು ಬಡಿಯುತ್ತಿತ್ತು. ಒದ್ದಾಡುವ ಜೀವವನ್ನು ನೋಡಿಕೊಂಡು ನಿಲ್ಲಲು ಆಗುತ್ತದಾ? ಊರಲ್ಲಿ ಓಡಿದ ಹಾಗೆಯೇ ಓಡಿದರು. ಬಿಸ್ಮಿಲ್ಲಾ ಹೇಳಿ ಚೂರಿ ಹಾಕಿದರು. ಆಮೇಲೆ ಅದರ ಹೊಟ್ಟೆಯ ಮೇಲೆ ಕೈ ಇಟ್ಟು ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಒಳಗೆ ಇನ್ನೂ ಅಲುಗಾಡುತ್ತಿತ್ತಂತೆ...

ಕಾಡುಪ್ರಾಣಿಗಳ ಕಾವಲಿನವರ ಗಾಡಿ ದಿಬ್ಬ ಹತ್ತಿ ಬಂದದ್ದು ಆಗಲೇ. ಅವರು ಕಂಡದ್ದು ಎಂತ? ಹೆಗಲಲ್ಲಿ ರೈಫಲ್, ಕೈಯಲ್ಲಿ ಚೂರಿ, ಅಂಗಿಯೆಲ್ಲ ರಕ್ತ. ಮಗ ಮತ್ತು ಗೆಳೆಯರು ಆಚೆ ಮುಳ್ಳುಮರದ ನೆರಳಲ್ಲಿ ಗಾವಾ, ಅಂದರೆ ಅರಬಿ ಕಾಫಿ, ಕುಡಿಯಲು ಕೂತಾಗಿತ್ತು. ಅವನು ಕಪ್ಪು ಹಿಡಿದುಕೊಂಡೇ ನಡೆದು ಬಂದು, ನನ್ನ ಡ್ರೈವರ್, ನನಗೆ ಹೇಳದೆ ರೈಫಲ್ ತೆಗೆದುಕೊಂಡು ಹೋದ ಎಂದ. ಕಪ್ಪಿನಿಂದ ಒಂದು ಹನಿ ಚೆಲ್ಲಲಿಲ್ಲ, ಅಷ್ಟು ನಿರಾಳ. ಥೂ! ಅಪ್ಪನ ರೈಫಲ್ ಹಿಡಿಯುವ ಯೋಗ್ಯತೆ ಇತ್ತಾ ಅವನಿಗೆ?

ನಾನು ಸುಮ್ಮನಿರಲಿಲ್ಲ. ಅಲ್ಲೂ ಹೇಳಿದೆ, ಠಾಣೆಯಲ್ಲೂ ಹೇಳಿದೆ. ಹೊಡೆದದ್ದು ಈ ಯಜಮಾನ, ನಾನು ಕಣ್ಣಾರೆ ನೋಡಿದ್ದೇನೆ ಎಂದು ನನ್ನ ಹರಕು ಅರಬಿಯಲ್ಲಿ ಮೇಜು ಗುದ್ದಿ ಹೇಳಿದೆ. ಅಲ್ಲಿದ್ದವನು ನನ್ನ ಇಕಾಮಾ ತಿರುಗಿಸಿ ನೋಡಿದ, ಕಾಕನದ್ದನ್ನು ನೋಡಿದ, ಇಬ್ಬರೂ ಒಂದೇ ದೇಶ, ಒಂದೇ ಕೋಣೆ ಎಂದು ವಾಪಸ್ ಕೊಟ್ಟ. ಆಚೆ ಕಡೆ ಮೂರು ಜನ ಸೌದಿಗಳ ಒಂದೇ ಮಾತು. ನನ್ನ ಮಾತಿಗೆ ಅಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ.

ಮಾರನೆಯ ದಿನ ಮಗ ಠಾಣೆಗೆ ಬಂದು ಕಾಕನ ಮುಂದೆ ಒಂದು ಮಾತು ಇಟ್ಟ. ಹೊಡೆದದ್ದು ನೀನೇ ಎಂದು ಒಪ್ಪಿಕೋ, ದಂಡ ನಾನು ಕಟ್ಟುತ್ತೇನೆ, ಕೆಲವೇ ದಿನದಲ್ಲಿ ಹೊರಗೆ ಬರುತ್ತಿ, ಕೆಲಸ ಹಾಗೇ ಇರುತ್ತದೆ. ಇಲ್ಲವಾದರೆ ಕೇಸು ಎಳೆದಷ್ಟು ದಿನ ಒಳಗೇ ಇರು, ಆಮೇಲೆ ಎಕ್ಸಿಟ್ ಹೊಡೆಸಿ ಊರಿಗೆ. ಕಾಕ ಅವನ ಮುಖ ನೋಡದೆ ಉತ್ತರ ಕೊಟ್ಟರು. ರೈಫಲ್ ನನ್ನ ಹೆಗಲಲ್ಲಿತ್ತು, ಹೌದು. ಚೂರಿ ಹಾಕಿದವ ನಾನು, ಹೌದು. ಈಡು ನನ್ನದಲ್ಲ. ಎಷ್ಟು ಸಲ ಕೇಳಿದರೂ ಅದೇ ಮೂರು ಮಾತು. ಮಗ ಬಾಗಿಲು ದಬ್ಬಿಕೊಂಡು ಹೋದ.

ಹಾಗೆ ಕಾಕ ಜೈಲಿಗೆ ಹೋದರು. ಒಂದು ರಂಜಾನ್ ಪೂರ್ತಿ ಅಲ್ಲೇ ಕಳೆಯಿತು.

ನನಗೆ ಉರಿದದ್ದು ಆ ಮಗನ ಮೇಲೆ ಮಾತ್ರ ಅಲ್ಲ. ನಮ್ಮವರ ಮೇಲೂ. ಕೋಣೆಗೆ ಬಂದ ಒಬ್ಬೊಬ್ಬನೂ “ಒಂದು ಹೂಂ ಅಂದಿದ್ದರೆ ಎಂತ ಹೋಗ್ತಿತ್ತು ಮಾರಾಯ, ಈ ಕಾಕನಿಗೆ ಮಂಡೆ ಸಮ ಇಲ್ಲ” ಎಂದು ಚಾ ಹೀರುತ್ತಾ ಹೇಳುವವನೇ. ನಮ್ಮ ಬದುಕು ಎಂಥದ್ದು ಅಂದರೆ, ಸುಳ್ಳು ಒಪ್ಪಿಕೊಂಡವ ಬುದ್ಧಿವಂತ, ಒಪ್ಪದವ ಮರ್ಲ! ಒಬ್ಬನಂತೂ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿಯೇ ಬಿಟ್ಟ: ನಮ್ಮ ಊರಿನ ಹಿರಿಯರೊಬ್ಬರು ಜಿಂಕೆ ಬೇಟೆಯಾಡಿ ಸೌದಿಯಲ್ಲಿ ಸೆರೆ. ನಾನು ಅವನ ಕಾಲರ್ ಹಿಡಿದೆ. ಬಿಡಿಸಲು ನಾಲ್ಕು ಜನ ಬೇಕಾಯಿತು.

ಭೇಟಿಗೆ ಬಿಟ್ಟ ದಿನ ನಾನು ಹೋದೆ. ಕಾಕ ಇಳಿದು ಹೋಗಿದ್ದರು, ಗಡ್ಡ ಪೂರ್ತಿ ಬಿಳಿ. ನನಗೂ ತಾಳ್ಮೆ ಕೆಟ್ಟಿತ್ತು. ನಿಮಗೆ ಹಠ ಯಾಕೆ, ಒಪ್ಪಿಕೊಂಡು ಹೊರಗೆ ಬನ್ನಿ, ಅಲ್ಲಾಹನಿಗೆ ನಿಜ ಗೊತ್ತುಂಟಲ್ಲ ಎಂದೆ.

“ಅಲ್ಲಾಹನಿಗೆ ಗೊತ್ತುಂಟು ಪೊರ್ಬು. ಆದರೆ ಗಬ್ಬದ ಹೆಣ್ಣಿಗೆ ಈಡು ಹೊಡೆದವ ನಾನು ಅಂತ ನನ್ನ ಬಾಯಲ್ಲಿ ಹೇಗೆ ಹೇಳುದು? ಬೇರೆ ಎಂತ ಬೇಕಾದರೂ ಹೇಳ್ತೇನೆ. ಕಳ್ಳ ಅಂತ ಬೇಕಾದರೂ ಹೇಳ್ತೇನೆ. ಅದೊಂದು ಆಗುದಿಲ್ಲ.”

ಅಷ್ಟು ಹೇಳಿ, ನೀನು ಸರಿಯಾಗಿ ಊಟ ಮಾಡ್ತಿಯಾ, ಸಕ್ಕರೆ ಡಬ್ಬ ಅಕ್ಕಿ ಚೀಲದ ಹಿಂದೆ ಉಂಟು ನೋಡು ಎಂದರು.

ಕೊನೆಗೂ ಅವರು ಒಪ್ಪಲಿಲ್ಲ. ಒಂದು ದಿನ ಜೈಲಿನಿಂದ ನೇರ ವಿಮಾನಕ್ಕೆ ಹತ್ತಿಸಿ ಕಳಿಸಿದರು. ಕಣ್ಣಿಗೆ ಕಾಣಲೂ ಸಿಗಲಿಲ್ಲ. ಬ್ಯಾಗು ನಾನು ಊರಿಗೆ ಹೋಗುವ ಒಬ್ಬನ ಕೈಯಲ್ಲಿ ಕಳಿಸಿದೆ. ನಾನು ಬೇರೆ ಕಫೀಲನನ್ನು ಹುಡುಕಿಕೊಂಡು ಅಲ್ ಖೋಬರಿಗೆ ಹೋದೆ. ಅಲ್ಲಿಂದ ಆಗಾಗ ಫೋನ್ ಮಾಡುತ್ತಿದ್ದೆ. ನಜ್ರಾನಿನ ಮಾತೆತ್ತಿದರೆ ಕಾಕ ಬೇರೆ ವಿಷಯಕ್ಕೆ ಹೋಗುತ್ತಿದ್ದರು.

ನಾನು ಊರಿಗೆ ಮರಳಿ ವರ್ಷಗಳಾದವು. ಕಾಕ ತೀರಿಕೊಂಡ ಸುದ್ದಿ ನನಗೆ ತಡವಾಗಿ ಸಿಕ್ಕಿತು. ಎಣ್ಣೆಯ ವಾಸನೆ ಬಡಿದ ಮಾರನೆಯ ದಿನವೇ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಅವರ ಮಗ ಒಳ್ಳೆಯವನು, ಪೇಟೆಯಲ್ಲಿ ಅಂಗಡಿ ಇಟ್ಟಿದ್ದಾನೆ. ಚಾವಡಿಯಲ್ಲಿ ಕೂರಿಸಿ, ಚಾ ತರಿಸಿ, ಅಲ್ಲಿದ್ದ ನೆಂಟರೊಬ್ಬರಿಗೆ ನನ್ನ ಪರಿಚಯ ಹೇಳಿದ. ಸೌದಿಯಲ್ಲಿ ಉಪ್ಪನ ಜೊತೆ ಇದ್ದವರು ಎಂದ. ಉಪ್ಪ ಅಂದರೆ ಬ್ಯಾರಿಗಳಲ್ಲಿ ಅಪ್ಪ. ಆಮೇಲೆ ಉಬ್ಬಿಕೊಂಡು ಹೇಳಿದ:

“ನಮ್ಮ ಉಪ್ಪ ಎಂಥ ಶಿಕಾರಿ ಗೊತ್ತುಂಟಾ? ಸೌದಿಯಲ್ಲಿ ಓಡುವ ಜಿಂಕೆಯನ್ನು ಒಂದೇ ಈಡಿಗೆ ಮಲಗಿಸಿದವರು. ಅದಕ್ಕೆ ಜೈಲಿಗೂ ಹೋದವರು. ಅಲ್ವಾ ಅಂಕಲ್?”

ಅಲ್ಲ ಎಂದೆ. ನನ್ನ ಸ್ವರ ಸ್ವಲ್ಪ ಜೋರಾಗಿಯೇ ಬಂತು. ಹೊಡೆದದ್ದು ಅವರಲ್ಲ, ಹೊಡೆದೆ ಎಂದು ಹೇಳಲು ಒಪ್ಪದ್ದಕ್ಕೇ ತಿಂಗಳುಗಟ್ಟಲೆ ಒಳಗಿದ್ದದ್ದು ಎಂದೆ. ಅವನು ನಂಬದೆ ನಕ್ಕ. ಉಪ್ಪ ಮನೆಯಲ್ಲಿ ಈ ಬಗ್ಗೆ ಬಾಯೇ ಬಿಡುತ್ತಿರಲಿಲ್ಲ, ಗ್ರೂಪಿನಲ್ಲಿ ಬಂದದ್ದೇ ನಮಗೆ ಗೊತ್ತು ಎಂದ. ಇರಲಿ ಬಿಡಿ ಅಂಕಲ್, ಮಕ್ಕಳಿಗೆಲ್ಲ ಆ ಕತೆ ಅಂದರೆ ಭಾರೀ ಇಷ್ಟ ಎಂದ.

ನಾನು ಎದ್ದು ನಿಂತೆ. ಬಾಯಿಗೆ ಬಂದದ್ದನ್ನೆಲ್ಲ ಬೈದು ಬಿಡಬೇಕು ಅನ್ನಿಸಿತು. ಆದರೆ ಹೇಗೆ ಬೈಯುವುದು? ಅವನು ತನ್ನ ಅಪ್ಪನನ್ನು ಹೊಗಳುತ್ತಿದ್ದ.